ಹೆಸರಿನಲ್ಲಿ ಉಳಿದವರು

ನಗರಕ್ಕೆ ದುಡಿದವರನ್ನು ಬೆಂಗಳೂರು ಗೌರವಿಸಿರುವ ರೀತಿಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು, ಅವರ ಹೆಸರನ್ನು ಜನರ ನಿತ್ಯದ ಮಾತಿಗೆ ಸೇರಿಸಿಬಿಡುವ ಹಳೆಯ ಪದ್ಧತಿ. ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು 1935ರಲ್ಲಿ ಆರಂಭವಾದ ಪುರಭವನಕ್ಕೆ ಇಡಲಾಗಿದೆ. ಆದರೆ ನಾವೆಲ್ಲರೂ ಅದನ್ನು ಬರಿದೇ ಟೌನ್‌ಹಾಲ್ ಎನ್ನುತ್ತೇವೆ, ಅದು ಬೇರೆ ಮಾತು.

ವ್ಯಾಪಾರಿಗಳ ಕತೆ ಇನ್ನೂ ಸ್ವಾರಸ್ಯಕರ. ವೀಳ್ಯದೆಲೆಯ ವ್ಯಾಪಾರದಿಂದ ಗಳಿಸಿದ ಹಣದಲ್ಲಿ ಹಳೆಯ ಮದ್ರಾಸು ರಸ್ತೆಯ ಬಳಿ ಕೆರೆ ಕಟ್ಟಿಸಿದವರನ್ನು ಊರು 'ಎಲೆ ಮಲ್ಲಪ್ಪ ಶೆಟ್ಟಿ' ಎಂದೇ ಕರೆಯಿತು, ಕೆರೆಯೂ ಅದೇ ಹೆಸರನ್ನು ಹೊತ್ತಿತು. ಒಬ್ಬ ವರ್ತಕನ ಕಸುಬು ಮತ್ತು ಉಪಕಾರ ಎರಡನ್ನೂ ಒಂದೇ ಹೆಸರಿನಲ್ಲಿ ಹಿಡಿದಿಟ್ಟ ಇಂಥ ಬಿರುದನ್ನು ಯಾವ ಆಯ್ಕೆ ಸಮಿತಿಯೂ ಯೋಚಿಸಲಾರದು. ರೈಲು ನಿಲ್ದಾಣದ ಸಮೀಪ 1903ರಲ್ಲಿ ತೆರೆದ ಛತ್ರಕ್ಕಾಗಿ ಗುಬ್ಬಿ ತೋಟದಪ್ಪನವರಿಗೆ ಮೈಸೂರು ಅರಸರಿಂದ 'ಧರ್ಮಪ್ರವರ್ತ' ಎಂಬ ಬಿರುದು ದೊರೆಯಿತು. ಆದರೆ ಛತ್ರ ಮತ್ತು ಅದರ ಜೊತೆಗಿನ ವಿದ್ಯಾರ್ಥಿನಿಲಯದಲ್ಲಿ ಉಳಿದು ಹೋದವರ ನೆನಪಿನಲ್ಲಿರುವುದು ಬಿರುದಲ್ಲ, ತೋಟದಪ್ಪ ಎಂಬ ಹೆಸರು.

ಪಾಲಿಕೆಯ ಕೆಂಪೇಗೌಡ ಪ್ರಶಸ್ತಿಯ ಪಟ್ಟಿ ನೂರರ ಗಡಿಯನ್ನು ದಾಟಿದ ವರ್ಷಗಳಿವೆ. ಅರ್ಹರು ಅದರಲ್ಲಿಯೂ ಇರುತ್ತಾರೆ, ನಿಜ. ಆದರೆ ಅಷ್ಟು ಶಾಲುಗಳ ನಡುವೆ ಯಾರು ಯಾವ ಕೆಲಸಕ್ಕಾಗಿ ವೇದಿಕೆ ಹತ್ತಿದರೆಂದು ಮರುದಿನ ಹೇಳುವವರು ಸಿಗುವುದು ಕಷ್ಟ.