ಕಲ್ಲಂಗಡಿ ಐಸ್‌ಕ್ಯಾಂಡಿ: ಕೊನೆಯ ಚೂರಿನವರೆಗೂ ಕೆಂಪು

ಕೊನೆಗೂ ಕಲ್ಲಂಗಡಿ ಮಣಿಯಿತು. ನಿನ್ನೆ ಸಂಜೆ ತೆಗೆದ ಕ್ಯಾಂಡಿಯನ್ನು ತುದಿಯಿಂದ ಕಡ್ಡಿಯವರೆಗೆ ಹೀರಿ ನೋಡಿದೆ. ಉಳಿದ ಕೊನೆಯ ಚೂರೂ ಕೆಂಪಗೇ ಇತ್ತು, ಸಿಹಿಯಾಗೇ ಇತ್ತು. ಮನೆಯಲ್ಲಿ ಕ್ಯಾಂಡಿ ಮಾಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಒಂದು ಸಲ ಕಲ್ಲಂಗಡಿ ರಸವನ್ನು ಅಚ್ಚಿಗೆ ಸುರಿದು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ನೋಡ್ರಿ. ಮೊದಲ ನಾಲ್ಕು ಗುಟುಕಿಗೆ ಬಣ್ಣ, ಸಿಹಿ, ವಾಸನೆ ಎಲ್ಲ ಬಾಯಿಗೆ ಬಂದು, ಆಮೇಲೆ ಕೈಯಲ್ಲಿ ಉಳಿಯುವುದು ಬರೀ ಬೆಳ್ಳನೆಯ ಬರ್ಫ.

ಮಾವಿನ ಕ್ಯಾಂಡಿ ಬಗ್ಗೆ ಈ ಸಲ ಬರೆಯುವುದಿಲ್ಲ. ಧಾರವಾಡದ ಪಕ್ಕದ ಕೆಲಗೇರಿ ಕಡೆಯ ಆಪೂಸು ಸಿಕ್ಕರೆ ಅದು ತಾನಾಗಿಯೇ ಆಗುತ್ತದೆ: ತಿರುಳು, ಚೂರು ನೀರು, ಲಿಂಬಿ ರಸ, ಚಿಟಿಕೆ ಉಪ್ಪು. ಹಣ್ಣಿನಲ್ಲೇ ಸಕ್ಕರೆ ದಂಡಿಯಾಗಿದೆ, ತಿರುಳೂ ಗಟ್ಟಿ, ನೀರು ಅತ್ತಿತ್ತ ಹೋಗದಂತೆ ಹಿಡಿದುಕೊಳ್ಳುತ್ತದೆ. ಕಲ್ಲಂಗಡಿಯ ಕಥೆ ಬೇರೆ. ನೂರಕ್ಕೆ ತೊಂಬತ್ತರಷ್ಟು ನೀರು, ಸಕ್ಕರೆ 8ರಿಂದ 10, ಹಿಡಿದುಕೊಳ್ಳಲು ನಾರೂ ಇಲ್ಲ, ತಿರುಳೂ ಇಲ್ಲ.

ಹಾಳಾದ ಒಂದು ಕ್ಯಾಂಡಿಯನ್ನು ಬಿಸಿ ಚಾಕುವಿನಿಂದ ಅಡ್ಡಡ್ಡ ಕೊಯ್ದು ಕಿಟಕಿಯ ಬೆಳಕಿಗೆ ಹಿಡಿದಾಗ ಕಾಯಿಲೆ ಕಣ್ಣಿಗೇ ಕಂಡಿತು. ಅಂಚಿನಿಂದ ನಡುವಿನ ಕಡೆಗೆ ಸೂಜಿ ಸೂಜಿಯಾಗಿ ಬೆಳೆದ ಬಣ್ಣವಿಲ್ಲದ ಹರಳುಗಳು. ಕಡ್ಡಿಯ ಸುತ್ತ ಮಾತ್ರ ಕಡುಗೆಂಪು ಅಂಟು ಪಾಕ, ಅದೂ ಪೂರ್ತಿ ಗಟ್ಟಿಯಾಗಿರಲಿಲ್ಲ. ನೀರು ಬರ್ಫವಾಗುವಾಗ ತನ್ನೊಳಗೆ ಸಕ್ಕರೆಯನ್ನೂ ಬಣ್ಣವನ್ನೂ ಸೇರಿಸಿಕೊಳ್ಳುವುದಿಲ್ಲ, ಮುಂದಕ್ಕೆ ತಳ್ಳುತ್ತ ಹೋಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಹರಳು ದೊಡ್ಡದು, ತಳ್ಳಾಟವೂ ಹೆಚ್ಚು. ಬೇಗ ಹೆಪ್ಪುಗಟ್ಟಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳಾಗಿ, ಪಾಕ ಅವುಗಳ ಸಂದಿಯಲ್ಲೇ ಸಿಕ್ಕಿಬೀಳುತ್ತದೆ. ಇದೆಲ್ಲ ಓದಿ ಗೊತ್ತಿದ್ದದ್ದೇ. ಮನೆಯ ಫ್ರೀಜರಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ ಅನ್ನುವುದೇ ಪ್ರಶ್ನೆಯಾಗಿತ್ತು.

ಅಂದಹಾಗೆ ಕಡ್ಡಿ ಐಸು ಹುಟ್ಟಿದ ಕಥೆ ನಿಮಗೆ ಗೊತ್ತಿರಬಹುದು. 1905ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಎಪ್ಪರ್ಸನ್ ಎಂಬ 11 ವರ್ಷದ ಹುಡುಗ ಸೋಡಾ ಪುಡಿ ಕದಡಿದ ನೀರನ್ನು, ಕದಡಿದ ಕಡ್ಡಿಯ ಸಮೇತ ಚಳಿಯ ರಾತ್ರಿ ಹೊರಗೆ ಬಿಟ್ಟಿದ್ದನಂತೆ. 1924ರಲ್ಲಿ ಅದಕ್ಕೆ ಪೇಟೆಂಟೂ ಆಯಿತು. ನನಗಂತೂ ಅನುಮಾನವೇ ಇಲ್ಲ, ರಾತ್ರಿಯಿಡೀ ಹೊರಗಿನ ಗಾಳಿಯಲ್ಲಿ ಹೆಪ್ಪುಗಟ್ಟಿದ ಆ ಮೊದಲ ಕ್ಯಾಂಡಿಯೂ ನಾಲ್ಕು ಗುಟುಕಿಗೆ ಬೆಳ್ಳಗಾಗಿರಬೇಕು. ಪೇಟೆಂಟ್ ಕಚೇರಿಯವರು ಹೀರಿ ನೋಡಿರಲಿಕ್ಕಿಲ್ಲ.

ಸಕ್ಕರೆಯಿಂದ ಶುರು ಮಾಡಿದೆ. ಒಂದು ಕಿಲೋ ರಸದಲ್ಲಿ ಹಣ್ಣಿನದೇ 90 ಗ್ರಾಂ ಇದೆ ಅಂದುಕೊಂಡು ಮೇಲೆ 110 ಗ್ರಾಂ ಹಾಕಿದರೆ ಒಟ್ಟು 18 ಪ್ರತಿಶತಕ್ಕೆ ಬರುತ್ತದೆ. ತುಸು ಸುಧಾರಿಸಿತು, ಬಿಳಿ ಬರ್ಫ ಹೋಗಲಿಲ್ಲ. 25ರ ಹತ್ತಿರ ಒಯ್ದರೆ ಮೆತ್ತಗಾಗಿ ಕಡ್ಡಿ ಬಿಟ್ಟು ಜಾರುತ್ತದೆ, ತಿಂದವರಿಗೆ ನೀರಡಿಕೆಯೂ ಹೆಚ್ಚಾಗುತ್ತದೆ. ಬಿಸಿಲಿಗೆ ಕ್ಯಾಂಡಿ ತಿಂದು ಆಮೇಲೆ ತಂಬಿಗೆ ನೀರು ಕುಡಿಯುವುದಾದರೆ ಕ್ಯಾಂಡಿ ಯಾಕೆ ಬೇಕು?

ಆಮೇಲೆ ನೀರನ್ನು ಹಿಡಿದಿಡುವ ಅಂಟುಗಳ ಸರದಿ. ಗ್ವಾರ್ ಗಮ್ ಅಂದರೆ ನಮ್ಮ ಚವಳಿಕಾಯಿ ಬೀಜದ್ದೇ ಹಿಟ್ಟು. ಲೀಟರಿಗೆ ಒಂದು ಗ್ರಾಂ ಸಾಕು, ಸಕ್ಕರೆಯ ಜೊತೆ ಒಣದರಲ್ಲೇ ಬೆರೆಸಿ ಹಾಕದಿದ್ದರೆ ಗಂಟು ಗಂಟಾಗುತ್ತದೆ, ಎರಡು ಗ್ರಾಂ ದಾಟಿದರೆ ಲೋಳೆ ಲೋಳೆ. ಹರಳು ಸಣ್ಣದಾದದ್ದು ಹೌದು, ಆದರೆ ಕಲ್ಲಂಗಡಿಯ ಆ ಹಗುರವೂ ಅದರ ಜೊತೆ ಹೋಯಿತು. ಸಾಬೂದಾಣಿ ಗಂಜಿ ಬೆರೆಸಿದ್ದು ರುಚಿಯಲ್ಲಿ ಉಪವಾಸದ ದಿನ ನೆನಪಿಸಿತು. ಬೇಕರಿಯವರ ಲಿಕ್ವಿಡ್ ಗ್ಲುಕೋಸು ಕೆಲಸವೇನೋ ಮಾಡುತ್ತದೆ, ಆದರೆ ನನಗೆ ಬೇಕಿದ್ದ ಪ್ರಮಾಣದಲ್ಲಿ ಯಾರೂ ಕೊಡಲಿಲ್ಲ. "ಡಬ್ಬಿ ಒಡಿಯಂಗಿಲ್ರಿ, ಪೂರ್ತಿ ಒಯ್ಯೂದಾದ್ರ ಒಯ್ರಿ" ಅಂದರು. ಆ ಡಬ್ಬಿ ಒಯ್ದಿದ್ದರೆ ನಾನು ಬೇಕರಿಯನ್ನೇ ತೆರೆಯಬೇಕಾಗುತ್ತಿತ್ತು.

ಇಲ್ಲಿ ಪೂರೈಕೆದಾರರ ಬಗ್ಗೆ ಒಂದೆರಡು ಮಾತು ಆಡದಿದ್ದರೆ ಹೊಟ್ಟೆಯೊಳಗಿನ ಸಂಕಟ ಇಳಿಯುವುದಿಲ್ಲ. ಆನ್‌ಲೈನಿನಲ್ಲಿ ಬಂದ "ಫುಡ್ ಗ್ರೇಡ್" ಸಿಲಿಕೋನ್ ಅಚ್ಚು ಹೊಸ ಹವಾಯಿ ಚಪ್ಪಲಿಯಂತೆ ನಾರುತ್ತಿತ್ತು, ಎಷ್ಟು ಕುದಿಸಿದರೂ ಅದೇ. ಕಡ್ಡಿಗಳ ಕಟ್ಟು ಬಿಚ್ಚಿದರೆ ಅರ್ಧ ಡೊಂಕು, ಉಳಿದರ್ಧಕ್ಕೆ ಸಿಬರು. ಇನ್ನು ಸಕ್ಕರೆ ಅಳೆಯಲು ಅಂತ ತರಿಸಿದ ರಿಫ್ರ್ಯಾಕ್ಟೋಮೀಟರ್! ಪೆಟ್ಟಿಗೆಯ ಮೇಲೆ ಬ್ರಿಕ್ಸ್, ಅಂದರೆ ಸಕ್ಕರೆಯ ಅಳತೆ, ಅಂತಲೇ ಇತ್ತು. ಕಣ್ಣಿಗೆ ಹಿಡಿದರೆ ಒಳಗಿನ ಗೀಟುಗಳ ಪಕ್ಕದಲ್ಲಿ ಉಪ್ಪಿನ ಪ್ರಮಾಣ, ಸೊನ್ನೆಯಿಂದ 28 ಪ್ರತಿಶತ. ವಾಪಸು ತಗೊಳ್ಳಿ ಅಂತ ಬರೆದರೆ "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ" ಎಂಬ ಉತ್ತರ ಬಂತು, ಹಣ ಬರಲಿಲ್ಲ. ಇಷ್ಟೊಂದು ಉಪ್ಪನ್ನು ಯಾವ ಪುಣ್ಯಾತ್ಮ ಅಳೆಯುತ್ತಾನೆ ಅಂತ ಬೈಯುತ್ತ ಅದನ್ನು ಚಮಚದ ಡ್ರಾಯರಿಗೆ ಎಸೆದೆ.

ಯಾವ ಪುಣ್ಯಾತ್ಮ ಅನ್ನುವುದು ಹುಬ್ಬಳ್ಳಿಯಲ್ಲಿ ತಿಳಿಯಿತು. ದುರ್ಗದಬೈಲು ಪೇಟೆಗೆ ಅಚ್ಚಿನ ಬದಲಿಗೆ ಲೋಟ ನೋಡಲು ಹೋದಾಗ, ಹಿಂದೆ ಐಸ್ ಫ್ಯಾಕ್ಟರಿಯಲ್ಲಿ ದುಡಿದಿದ್ದ ಪರಿಚಯದ ಕಾಕಾ ಒಬ್ಬರು ಚಹಾ ಅಂಗಡಿಯ ಮುಂದೆ ಸಿಕ್ಕರು. ನನ್ನ ಗೋಳು ಪೂರ್ತಿ ಕೇಳಲೂ ಇಲ್ಲ, ನಕ್ಕರು.

"ಗಾಳ್ಯಾಗ ಇಟ್ರ ಹೆಪ್ಪ ಹತ್ತೂತನಕ ನಿನ್ನ ಕೆಂಪ ಬಣ್ಣ ಸುಮ್ನ ಕುಂಡ್ರತೈತೇನೋ ತಮ್ಮಾ? ಉಪ್ಪಿನ ನೀರಾಗ ಇಳಸು. ನಾವೇನ ಫ್ರೀಜರಿನ್ಯಾಗ ಮಾಡತಿದ್ವೇನು?"

ಕ್ಯಾಂಡಿ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಮುಳುಗಿಸುವುದು ತಣ್ಣಗೆ ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ. ಕುಲ್ಫಿಯವನ ಮಡಕೆಯಲ್ಲಿ ಬರ್ಫಕ್ಕೆ ಉಪ್ಪು ಸುರಿಯುವುದೂ ಅದೇ ವಿದ್ಯೆಯ ಇನ್ನೊಂದು ರೂಪ. ಫ್ರೀಜರಿನ ಗಾಳಿ ಎಷ್ಟೇ ತಣ್ಣಗಿರಲಿ, ಶಾಖವನ್ನು ಎಳೆದುಕೊಳ್ಳುವುದರಲ್ಲಿ ಮಹಾ ಸೋಮಾರಿ; ದ್ರವ ಹಾಗಲ್ಲ, ಅಚ್ಚಿನ ಮೈಗೆ ಅಂಟಿಕೊಂಡೇ ಎಳೆಯುತ್ತದೆ. ಆದರೆ ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲೂ ನೀರಾಗಿಯೇ ಉಳಿಯುವ ನೀರು ಬೇಕು. ಉಪ್ಪು ತೂಕದಲ್ಲಿ 23.3 ಪ್ರತಿಶತ ಇದ್ದಾಗ ಉಪ್ಪುನೀರು ಮೈನಸ್ 21.1 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ, ಅದೇ ಅದರ ಕೊನೆಯ ಮಿತಿ. 20 ಪ್ರತಿಶತ ಆದರೆ ಮೈನಸ್ 16.5ಕ್ಕೇ ಬರ್ಫ ಕಾಣಿಸುತ್ತದೆ. ಇನ್ನೂ ಹೆಚ್ಚು ಉಪ್ಪು ಸುರಿದರೆ ಇನ್ನೂ ತಣ್ಣಗಾದೀತು ಅನ್ನುವ ಲೆಕ್ಕವೂ ನಡೆಯದು, ಹೆಚ್ಚಾದದ್ದು ತಳಕ್ಕೆ ಕೂರುತ್ತದೆ ಅಷ್ಟೆ. ಲೀಟರ್ ನೀರಿಗೆ 300 ಗ್ರಾಂ ಉಪ್ಪು ಹಾಕಿದರೆ 23ರ ಆಸುಪಾಸು ಬರುತ್ತದೆ. ಚಮಚದ ಡ್ರಾಯರಿನಿಂದ ಆ ಮೀಟರನ್ನು ತೆಗೆದು, ಒರೆಸಿ, ಒಂದು ಹನಿ ಹಾಕಿ ನೋಡಿದೆ. ಗೆರೆ ಸರಿಯಾಗಿ 23ರ ಮೇಲೆ ನಿಂತಿತು. ಮಾರಿದವನನ್ನು ಇನ್ನೂ ಕ್ಷಮಿಸಿಲ್ಲ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ, ಅಸಲಿ ತಲೆನೋವು ಇಲ್ಲಿಂದ ಶುರು. ಒಂದೂವರೆ ಲೀಟರ್ ಉಪ್ಪುನೀರಿನ ಡಬ್ಬಿಯಲ್ಲಿ ಆರು ಲೋಟ ಇಳಿಸಿದೆ. ಥರ್ಮಾಮೀಟರಿನಲ್ಲಿ ಮೈನಸ್ 17 ಇದ್ದದ್ದು ಅರ್ಧ ತಾಸಿನಲ್ಲಿ ಮೈನಸ್ 5ಕ್ಕೆ ಏರಿ ಅಲ್ಲೇ ಕೂತಿತು. ರಸ ಅರ್ಧ ಗಟ್ಟಿ, ಅರ್ಧ ಗಂಜಿ. ಮುಂದಿನದ್ದೆಲ್ಲ ಮತ್ತೆ ಫ್ರೀಜರಿನ ಸೋಮಾರಿ ಗಾಳಿಯ ಮರ್ಜಿ, ಮತ್ತೆ ಅದೇ ಬಿಳಿ ಸೂಜಿಗಳು. ಉಪ್ಪು ಸರಿ, ತಣ್ಣಗಿರುವುದೂ ಸರಿ, ಆದರೂ ಯಾಕೆ ಹೀಗೆ ಅಂತ ಪೆನ್ನು ಹಿಡಿದು ಕೂತಾಗ ಲೆಕ್ಕ ಸಿಕ್ಕಿತು. 1 ಗ್ರಾಂ ನೀರು ಬರ್ಫವಾಗುವಾಗ 334 ಜೂಲ್ ಶಾಖ ಹೊರಗೆ ಬಿಡುತ್ತದೆ. 1 ಗ್ರಾಂ ಉಪ್ಪುನೀರನ್ನು 1 ಡಿಗ್ರಿ ಬಿಸಿ ಮಾಡಲು 3.3 ಜೂಲ್ ಸಾಕು. ಅಂದರೆ ಒಂದು ಗ್ರಾಂ ಬರ್ಫ ಹುಟ್ಟುವ ಹೊತ್ತಿಗೆ ನೂರು ಗ್ರಾಂ ಉಪ್ಪುನೀರು ಒಂದು ಡಿಗ್ರಿ ಏರಿರುತ್ತದೆ, ಹತ್ತೇ ಗ್ರಾಂ ಇದ್ದರೆ ಹತ್ತು ಡಿಗ್ರಿ! ನಾನು ಇಟ್ಟಿದ್ದು ಒಂದು ಪಾಲು ರಸಕ್ಕೆ ನಾಲ್ಕು ಪಾಲು ಉಪ್ಪುನೀರು. ಬೇಕಾದದ್ದು ಕನಿಷ್ಠ ಒಂದಕ್ಕೆ ಹತ್ತು, ಮೇಲಾದರೆ ಇನ್ನೂ ಒಳ್ಳೆಯದು.

ಐದು ಲೀಟರ್ ನೀರು, ಒಂದೂವರೆ ಕಿಲೋ ಹರಳುಪ್ಪು, ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ. ಫ್ರೀಜರಿನ ಕೆಳಗಿನ ಅರೆ ಪೂರ್ತಿ ಅದಕ್ಕೇ ಹೋಯಿತು. ಅವ್ವ ಬಾಗಿಲು ತೆಗೆದು ಒಂದು ಗಳಿಗೆ ಸುಮ್ಮನೆ ನಿಂತಳು. "ಉಪ್ಪಿನಕಾಯಿ ನೀರ ಹಾಕಿಟ್ಟೀಯೇನ ಇದರಾಗ? ಹೂರಣ ಎಲ್ಲೆ ಇಡಲಿ ನಾ?" ಹೂರಣ ಕೆಳಗೆ ಫ್ರಿಜ್ಜಿನ ಖಾನೆಗೆ ಹೋಯಿತು, ಮಾತು ಇನ್ನೂ ಮುಗಿದಿಲ್ಲ.

ಡಬ್ಬ ಪೂರ್ತಿ ತಣಿಯಲು ಒಂದು ಹಗಲು, ಒಂದು ರಾತ್ರಿ ಬೇಕು. ಅವಸರ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ. ಮುಚ್ಚಳದಲ್ಲಿ ಕಾಯಿಸಿದ ಕಬ್ಬಿಣದಿಂದ ಆರು ತೂತು ಕೊರೆದು, ಲೋಟಗಳನ್ನು ಅಂಚಿನ ಮೇಲೆ ನೇತುಹಾಕಿದೆ. ಲೋಟ ಇಳಿಸಿದಾಗ ಉಪ್ಪುನೀರು ಮೇಲಕ್ಕೆ ಏರುತ್ತದೆ, ಅದಕ್ಕೆ ಜಾಗ ಬಿಟ್ಟೇ ತುಂಬಿಸಿರಬೇಕು. ಒಂದು ಹನಿ ಒಳಗೆ ತುಳುಕಿದರೂ ಆ ಕ್ಯಾಂಡಿ ದನಕ್ಕೂ ಬೇಡ. ಸ್ಟೀಲ್ ಲೋಟವೇ ಆಗಬೇಕು: ಸಿಲಿಕೋನ್ ಶಾಖವನ್ನು ತಡೆದು ನಿಲ್ಲಿಸುತ್ತದೆ, ಅಲ್ಯುಮಿನಿಯಮ್ಮಿನ ಕುಲ್ಫಿ ಅಚ್ಚನ್ನು ಉಪ್ಪು ತಿಂದುಹಾಕುತ್ತದೆ. ಲೋಟ ಬಾಯಿಯ ಕಡೆ ಅಗಲ, ತಳಕ್ಕೆ ಸಣ್ಣ ಇರಲಿ, ಇಲ್ಲದಿದ್ದರೆ ಕ್ಯಾಂಡಿ ಹೊರಗೇ ಬರುವುದಿಲ್ಲ. ರಸವನ್ನೂ ಮೊದಲೇ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಂಡಿದ್ದೆ.

ಲೋಟ ಇಳಿಸಿ ಹದಿನೈದು ನಿಮಿಷಕ್ಕೆ ನೋಡಿದರೆ ಗೋಡೆಗುಂಟ ಕೆಂಪು ಪದರ ಕಟ್ಟಿತ್ತು. ಕೆಂಪು! ಬಿಳಿಯಲ್ಲ. ಅದೇ ಹೊತ್ತಿಗೆ ಕಡ್ಡಿ ಚುಚ್ಚಬೇಕು. ಮೊದಲೇ ಹಾಕಿದರೆ ತೇಲುತ್ತದೆ, ಇನ್ನು ಹತ್ತು ನಿಮಿಷ ತಡೆದರೆ ಒಳಗೇ ಹೋಗುವುದಿಲ್ಲ. ಕಡ್ಡಿಯನ್ನು ಮೊದಲು ನೀರಲ್ಲಿ ನೆನೆಸಿಟ್ಟರೆ ತೇಲಾಟ ಕಡಿಮೆ. ಗಾಳಿಯಲ್ಲಿ ಆರೇಳು ತಾಸು ಹಿಡಿಯುತ್ತಿದ್ದದ್ದು ಒಂದು ತಾಸಿಗೆ ಕಲ್ಲಾಗಿತ್ತು. ಉಪ್ಪುನೀರು ಆಗ ಮೈನಸ್ 10ರ ಹತ್ತಿರ ಇತ್ತು, ಲೆಕ್ಕ ಹೇಳಿದ್ದೂ ಅಷ್ಟೇ. ಲೋಟ ಮೇಲೆತ್ತಿದಾಗ ಬೆರಳಿನ ಸಣ್ಣ ಗಾಯಕ್ಕೆ ಉಪ್ಪು ತಾಗಿ ಚುರ್ ಅಂದಿತು. ನಳದ ಕೆಳಗೆ ತಿರುಗಿಸಿ ತಿರುಗಿಸಿ ತೊಳೆದರೆ ಹೊರಗಿನ ಉಪ್ಪೂ ಹೋಗುತ್ತದೆ, ಕ್ಯಾಂಡಿಯೂ ಸಡಿಲಾಗಿ ಪುಳಕ್ಕನೆ ಕೈಗೆ ಬರುತ್ತದೆ. ತೆಗೆದದ್ದನ್ನು ಇನ್ನೊಂದು ತಾಸು ಫ್ರೀಜರಿನಲ್ಲಿಟ್ಟರೆ ಬಿಗಿಯಾಗುತ್ತದೆ. ಈಗಿನ ಅಳತೆ: ಕಿಲೋ ರಸ, 110 ಗ್ರಾಂ ಸಕ್ಕರೆ, ಒಂದು ಲಿಂಬಿ, ಅರ್ಧ ಗ್ರಾಂ ಗ್ವಾರ್ ಗಮ್. ಗಮ್ ಬಿಟ್ಟರೂ ನಡೆಯುತ್ತದೆ, ಮೊದಲಿನಷ್ಟು ಬೇಕಾಗಿಲ್ಲ.

ಇನ್ನೊಂದು ಲಾಭ ಯೋಚಿಸಿರಲಿಲ್ಲ. ಏಪ್ರಿಲ್ ಸಂಜೆಯ ಅಡ್ಡಮಳೆಗೆ ಗುಡುಗು ಶುರುವಾಗುವ ಮೊದಲೇ ನಮ್ಮ ಓಣಿಯಲ್ಲಿ ಕರೆಂಟು ಹೋಗುತ್ತದೆ. ಮೊದಲು ಆಗೆಲ್ಲ ಕ್ಯಾಂಡಿ ಕರಗಿ, ಮತ್ತೆ ಹೆಪ್ಪುಗಟ್ಟಿ, ಮರಳು ಮರಳಾಗುತ್ತಿತ್ತು. ಈಗ ಆರು ಕಿಲೋ ಕೊರೆಯುವ ಉಪ್ಪುನೀರು ಪಕ್ಕದಲ್ಲೇ ಕೂತಿರುವುದರಿಂದ ಫ್ರೀಜರ್ ಬೇಗ ಬಿಸಿಯಾಗುವುದಿಲ್ಲ. ಒಂದು ಎಚ್ಚರ: ಡಬ್ಬದ ತಳದಲ್ಲಿ ಬಿರುಕು ಬಿಟ್ಟು ಉಪ್ಪುನೀರು ಸೋರಿದರೆ ಫ್ರೀಜರಿನ ಲೋಹದ ಭಾಗಗಳಿಗೆ ಕುತ್ತು. ಡಬ್ಬದ ಕೆಳಗೆ ಒಂದು ಟ್ರೇ ಇಡ್ರಿ.

ಈಗ ತಲೆಯಲ್ಲಿ ಓಡುತ್ತಿರುವುದು ಪೇರಲ. ಅದಕ್ಕೆ ಚಳಿಗಾಲದವರೆಗೆ ಕಾಯಬೇಕು, ನವಲೂರ ಪೇರಲ ಬುಟ್ಟಿಗಳು ರಸ್ತೆ ಬದಿಗೆ ಬರಲಿ. ಬೀಜ ಸೋಸಿದ ತಿರುಳು, ಮೇಲೆ ಉಪ್ಪು ಮತ್ತು ಬ್ಯಾಡಗಿ ಮೆಣಸಿನ ಪುಡಿ. ಬ್ಯಾಡಗಿಯದೇ ಯಾಕೆಂದರೆ ಬಣ್ಣ ಬೇಕು, ಬಾಯಿ ಸುಡಬಾರದು. ಚಳಿಗಾಲದಲ್ಲಿ ಐಸ್‌ಕ್ಯಾಂಡಿ ಯಾರು ತಿಂತಾರ ಅಂತ ಅವ್ವ ಕೇಳಿಯಾಗಿದೆ. ನಡುವೆ ಮುರುಗಲ ಹುಳಿಯದ್ದೊಂದು, ಶಿರಸಿ ಕಡೆಯಿಂದ ಸಿಪ್ಪೆ ಬಂದ ಮೇಲೆ. ಧಾರವಾಡ ಪೇಡೆಯನ್ನು ಹಾಲಿಗೆ ಪುಡಿ ಮಾಡಿ ಹಾಕಿ ಕುಲ್ಫಿ ಮಾಡುವ ಯೋಚನೆಯೂ ಇದೆ, ಆದರೆ ಮನೆಗೆ ತಂದ ಪೇಡೆ ಪುಡಿಯಾಗುವವರೆಗೆ ಉಳಿಯುವುದಿಲ್ಲ.

ಅದಕ್ಕೂ ಮೊದಲು ಸರಿಯಾದ ಅಚ್ಚು ಬೇಕು. ಲೋಟದಲ್ಲಿ ಮಾಡಿದ ಕ್ಯಾಂಡಿ ಗುಂಡಗೆ, ಮಕ್ಕಳ ಬಾಯಿಗೆ ದಪ್ಪ. ಚಪ್ಪಟೆ ಸ್ಟೀಲ್ ಅಚ್ಚು, ಎರಡೂವರೆ ಸೆಂಟಿಮೀಟರ್ ದಪ್ಪ, ತಳಕ್ಕೆ ಹೋಗುತ್ತ ಕಿರಿದಾಗುವಂಥದ್ದು. ಗೋಕುಲ ರೋಡಿನ ಫ್ಯಾಬ್ರಿಕೇಶನ್ ಶೆಡ್ಡೊಂದಕ್ಕೆ ಚಿತ್ರ ಬರೆದು ಒಯ್ದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಐವತ್ತರ ಕೆಳಗ ಕೈ ಹಚ್ಚಂಗಿಲ್ರಿ ಸರ" ಅಂದರು. ನನಗೆ ಬೇಕಾದದ್ದು ಆರು. ಉಳಿದ ನಲವತ್ನಾಲ್ಕರಲ್ಲಿ ಯಾರಿಗಾದರೂ ಬೇಕಿದ್ದರೆ ಈಗಲೇ ಹೇಳ್ರಿ, ಮುಂದಿನ ವಾರ ಮತ್ತೆ ಹುಬ್ಬಳ್ಳಿಗೆ ಹೋಗುವುದಿದೆ.