ಕೆಂಡವಾಗುವವರೆಗೆ ಕಾಯಿರಿ: ಮಕ್ಕಳ ಶಿಬಿರದಲ್ಲಿ ಒಲೆ ಹೂಡುವವರಿಗೆ

ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳನ್ನು ಒಂದು ರಾತ್ರಿಯ ಶಿಬಿರಕ್ಕೆ ಕರೆದೊಯ್ದು ಅವರ ಕೈಯಿಂದಲೇ ಅಡುಗೆ ಮಾಡಿಸುವ ಯೋಚನೆ ಇದ್ದರೆ, ಮೊದಲು ಹೊತ್ತಿನ ಲೆಕ್ಕ ಹಾಕಿ. ರಾತ್ರಿ ಏಳೂವರೆಗೆ ಊಟವಾಗಬೇಕಾದರೆ ಐದೂವರೆಗೇ ಬೆಂಕಿ ಹಚ್ಚಿರಬೇಕು. ಗಟ್ಟಿ ಸೌದೆ ಕೆಂಡವಾಗಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಶಿಬಿರದ ಅಡುಗೆ ಹೆಚ್ಚಾಗಿ ಕೆಡುವುದೇ ಇಲ್ಲಿ: ಹಸಿದ ಮಕ್ಕಳು ಉರಿಯ ಮೇಲೆಯೇ ಪಾತ್ರೆ ಇಡುತ್ತಾರೆ, ಹೊರಗೆ ಸೀದುಹೋಗುತ್ತದೆ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕಾಯುವ ಹೊತ್ತಿಗೆಂದು ಹಣ್ಣು, ಸೌತೆಕಾಯಿ ಹೋಳು ಕೈಗೆ ಕೊಡಿ. ಆತುರ ಅರ್ಧ ಇಳಿಯುತ್ತದೆ.

ಹೊರಡುವ ಮುನ್ನವೇ ವಿಚಾರಿಸಬೇಕಾದ್ದು ಎರಡು: ಆ ಜಾಗದಲ್ಲಿ ಆ ಕಾಲಕ್ಕೆ ಬೆಂಕಿ ಹಾಕಲು ಅನುಮತಿ ಇದೆಯೇ, ಯಾವ ಮಗುವಿಗೆ ಯಾವ ಆಹಾರ ಅಲರ್ಜಿ.

ಒಲೆಯ ಸುತ್ತ ಎಲ್ಲ ದಿಕ್ಕಿಗೂ ಮೂರು ಮೀಟರ್ ಒಣ ಎಲೆ, ಹುಲ್ಲು ತೆಗೆಸಿ. ತಲೆ ಮೇಲೆ ಕೊಂಬೆ ಬಾಗಿರಬಾರದು. ಒಲೆಗೆ ಹೊಳೆಯಿಂದ ತಂದ ಕಲ್ಲು ಬೇಡವೇ ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ನೀರು ತುಂಬಿದ ಬಕೆಟ್, ಸಲಿಕೆ ಪಕ್ಕಕ್ಕೆ ಬಂದ ಮೇಲೆಯೇ ಬೆಂಕಿಪೊಟ್ಟಣ ಹೊರಗೆ ಬರಲಿ. ಒಂದು ಒಲೆಗೆ ನಾಲ್ಕೈದು ಮಕ್ಕಳು, ಅಲ್ಲಿಂದ ಕದಲದ ಒಬ್ಬರು ದೊಡ್ಡವರು. ಮಕ್ಕಳು ಹೆಚ್ಚಿದ್ದರೆ ಇನ್ನೊಂದು ಒಲೆ ಹೂಡಿ.

ಹತ್ತಿ ಬಟ್ಟೆ, ಮುಚ್ಚಿದ ಶೂ, ಕಟ್ಟಿದ ಕೂದಲು. ನೈಲಾನ್, ಪಾಲಿಯೆಸ್ಟರ್ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಅಡುಗೆಗೆ ಮೊದಲು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಸಿ. ಸ್ಯಾನಿಟೈಸರ್ ಬಳಸಿದರೆ ಅದು ಪೂರ್ತಿ ಆರುವವರೆಗೆ ಒಲೆಯ ಹತ್ತಿರ ಬಿಡಬೇಡಿ, ಅದರಲ್ಲಿರುವ ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ.

ಕೆಂಡಕ್ಕೆ ಬೂದಿಯ ತೆಳು ಪದರ ಬಂದಾಗ ಕಾವು ಅಳೆಯುವುದನ್ನು ಕಲಿಸಿ. ಕೆಂಡದಿಂದ ಸುಮಾರು 15 ಸೆಂ.ಮೀ. ಮೇಲೆ, ಬದಿಯಿಂದ ಅಂಗೈ ಹಿಡಿದು ಎಣಿಸಬೇಕು. ಎರಡು ಮೂರು ಸೆಕೆಂಡಿಗೇ ಕೈ ಹಿಂತೆಗೆಯುವಂತಾದರೆ ಕಾವು ಜೋರು. ನಾಲ್ಕೈದು ಸೆಕೆಂಡು ತಡೆದರೆ ಮಧ್ಯಮ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಕೆಂಡದ ಮೇಲೆ ಬೇಯಿಸುವ ತರಕಾರಿ ಪೊಟ್ಟಣಕ್ಕೆ ಬೇಕಾದ್ದು ಈ ಮಧ್ಯಮ ಕಾವು. ಕಾವು ಜಾಸ್ತಿಯಾದರೆ ಕೆಂಡವನ್ನು ಉದ್ದ ಕೋಲಿನಿಂದ ಹರಡಿದರೆ ಸಾಕು.

ಮೊದಲ ಅಡುಗೆಗೆ ಈ ಪೊಟ್ಟಣವೇ ಸರಿ. ಒಬ್ಬರಿಗೆ ಒಂದು ಮಧ್ಯಮ ಆಲೂಗಡ್ಡೆ, ಅರ್ಧ ಕ್ಯಾರೆಟ್, ಸ್ವಲ್ಪ ಈರುಳ್ಳಿ, ದಪ್ಪ ಮೆಣಸಿನಕಾಯಿ, ಒಂದು ಟೀ ಚಮಚ ಎಣ್ಣೆ, ಚಿಟಿಕೆ ಉಪ್ಪು, ಒಂದು ದೊಡ್ಡ ಚಮಚ ನೀರು. ಆಲೂಗಡ್ಡೆ ಅರ್ಧ ಸೆಂ.ಮೀ. ದಪ್ಪದ ಬಿಲ್ಲೆಯಾಗಲಿ, ಕ್ಯಾರೆಟ್ ಅದಕ್ಕಿಂತ ತೆಳುವಾಗಲಿ, ದಪ್ಪ ಮೆಣಸಿನಕಾಯಿ ಬೇಗ ಬೇಯುವುದರಿಂದ ದೊಡ್ಡ ಹೋಳಿರಲಿ. ಎಲ್ಲ ಒಂದೇ ಗಾತ್ರಕ್ಕೆ ಹೆಚ್ಚಿದರೆ ಒಂದು ಕರಗಿ ಇನ್ನೊಂದು ಕಟಕಟ ಎನ್ನುತ್ತದೆ. ಎರಡು ಪದರ ಫಾಯಿಲ್‌ನಲ್ಲಿಟ್ಟು ಅಂಚನ್ನು ಎರಡು ಸಲ ಮಡಚಿ, ಒಳಗೆ ಆವಿಗೆ ಜಾಗ ಬಿಡಿ. ಎಂಟು ಹತ್ತು ನಿಮಿಷಕ್ಕೊಮ್ಮೆ ಉದ್ದ ಇಕ್ಕಳದಿಂದ ತಿರುವುತ್ತಾ ಇಪ್ಪತ್ತೈದರಿಂದ ಮೂವತ್ತು ನಿಮಿಷ ಬೇಯಿಸಬೇಕು. ನಿಂಬೆರಸ, ಟೊಮೆಟೊ ಹುಳಿ ಫಾಯಿಲನ್ನು ತಿನ್ನುವುದರಿಂದ ಅವು ತಟ್ಟೆಗೆ ಬಡಿಸಿದ ಮೇಲೆ ಬೀಳಲಿ. ಬಿಚ್ಚುವಾಗ ಮುಖದಿಂದ ದೂರವಿರುವ ಬದಿಯಿಂದ ಬಿಚ್ಚಲು ಹೇಳಿ; ಒಲೆ ಮುಟ್ಟದ ಮಗುವೂ ಇಲ್ಲಿ ಆವಿಯಿಂದ ಸುಟ್ಟುಕೊಳ್ಳುತ್ತದೆ.

ಜೊತೆಗೆ ಬೇಳೆ ಸೂಪ್. ಐವರಿಗೆ 250 ಗ್ರಾಂ ಮಸೂರ್ ಬೇಳೆ, ಒಂದೂವರೆ ಲೀಟರ್ ನೀರು, ಎರಡು ಕ್ಯಾರೆಟ್. ಇಳಿಸುವ ಮುನ್ನ ಒಂದು ಹಿಡಿ ಸೊಪ್ಪು. ಅರ್ಧ ಗಂಟೆಯೊಳಗೆ ಬೇಯುತ್ತದೆ. ನೊರೆ ಉಕ್ಕುವುದರಿಂದ ಪಾತ್ರೆಯ ಮೂರನೇ ಒಂದು ಭಾಗ ಖಾಲಿ ಇರಲಿ. ಹೊರಮೈಗೆ ಮೊದಲೇ ಪಾತ್ರೆ ಸೋಪು ಸವರಿದ್ದರೆ ಮಸಿ ಸುಲಭವಾಗಿ ಬಿಡುತ್ತದೆ. ಒಣ ರಾಜ್ಮಾ ಮಾತ್ರ ಒಯ್ಯಬೇಡಿ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ ಆಮೇಲೂ ಬೇಯಿಸದಿದ್ದರೆ ಅದರಲ್ಲಿರುವ ವಿಷಾಂಶ ವಾಂತಿ ತರಿಸುತ್ತದೆ, ಕೆಂಡದ ಏರಿಳಿತದಲ್ಲಿ ಆ ಕುದಿ ನಂಬುವಂತಿಲ್ಲ.

ಮೊದಲ ಶಿಬಿರದಲ್ಲಿ ಕೋಳಿ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಾಡಲೇಬೇಕಿದ್ದರೆ ಥರ್ಮಾಮೀಟರ್ ಒಯ್ಯಿರಿ, ಮಾಂಸದ ದಪ್ಪ ಭಾಗದ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ನೋಡಿ ಬೆಂದಿದೆ ಎನ್ನಬೇಡಿ. ಬೇಯಿಸಿದ ಯಾವುದನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಸುಟ್ಟರೆ ತಕ್ಷಣ ಹರಿಯುವ ತಣ್ಣೀರು, 20 ನಿಮಿಷ. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ ಯಾವುದೂ ಬೇಡ. ಮುಖ, ಕೈ ಸುಟ್ಟಿದ್ದರೆ ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಾಗಿದ್ದರೆ ಆಸ್ಪತ್ರೆಗೆ ಹೊರಡಿ.

ಮಲಗುವ ಮುನ್ನ ಬೆಂಕಿ ಆರಿಸುವುದೂ ಮಕ್ಕಳ ಪಾಲಿನ ಕೆಲಸವೇ: ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ನೀರು ಸುರಿಯಬೇಕು. ಆಮೇಲೆ ದೊಡ್ಡವರು ಹಿಂಗೈಯನ್ನು ಬೂದಿಯ ಹತ್ತಿರ ತಂದು ನೋಡಲಿ, ಬಿಸಿ ತಾಗಿದರೆ ಮತ್ತೆ ನೀರು. ಮಣ್ಣು ಮುಚ್ಚಿ ಹೋಗಬೇಡಿ. ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಓಡುವ ಮಗುವಿಗೆ ಅದು ಕಾಣುವುದಿಲ್ಲ.