ಉರಿದ ಮೇಲೆ ಹೆಚ್ಚುವ ತೂಕ

ಮಗಳೊಂದಿಗೆ ಹತ್ತನೇ ತರಗತಿಯ ರಸಾಯನವಿಜ್ಞಾನದ ಮೊದಲ ಪಾಠವನ್ನು ಈ ಸಂಜೆ ಓದುತ್ತಿದ್ದಾಗ, ಮರಳು ಕಾಗದದಿಂದ ಉಜ್ಜಿದ ಮೆಗ್ನೀಸಿಯಂ ಪಟ್ಟಿಯನ್ನು ನಮ್ಮ ಮೇಷ್ಟ್ರು ಇಕ್ಕಳದಲ್ಲಿ ಹಿಡಿದು ಹೊತ್ತಿಸಿದ್ದು, ಬರಿಗಣ್ಣಿನಿಂದ ನೇರವಾಗಿ ನೋಡಬೇಡಿರೆಂದು ಎಚ್ಚರಿಸಿದ್ದು, ಕೋಣೆಯೆಲ್ಲ ತುಂಬಿದ ಆ ಬಿಳಿ ಬೆಳಕು, ಎಲ್ಲವೂ ನೆನಪಾದವು. ಕಟ್ಟಿಗೆ ಉರಿದರೆ ಅದರ ಬಹುಪಾಲು ಅನಿಲವಾಗಿ ಹೊರಟುಹೋಗಿ ಹಗುರವಾದ ಬೂದಿ ಉಳಿಯುತ್ತದೆ. ಲೋಹದ ಲೆಕ್ಕ ತಿರುವುಮುರುವು: 24 ಗ್ರಾಂ ಮೆಗ್ನೀಸಿಯಂ 16 ಗ್ರಾಂ ಆಮ್ಲಜನಕದೊಡನೆ ಕೂಡಿ 40 ಗ್ರಾಂ ಆಕ್ಸೈಡ್ ಆಗುತ್ತದೆ. ಉರಿಯುವ ವಸ್ತುವಿನಿಂದ ‘ಫ್ಲಾಜಿಸ್ಟನ್’ ಎಂಬುದು ಹೊರಹೋಗುತ್ತದೆಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ, 1774ರಲ್ಲಿ, ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ಮುಚ್ಚಿದ ಗಾಜಿನ ಪಾತ್ರೆಯೊಳಗೆ ತವರವನ್ನು ಕಾಯಿಸಿ, ಒಟ್ಟು ತೂಕ ಬದಲಾಗದಿರುವುದನ್ನೂ, ಪಾತ್ರೆಯನ್ನು ತೆರೆದೊಡನೆ ಗಾಳಿ ಒಳನುಗ್ಗಿ ತೂಕ ಏರುವುದನ್ನೂ ಕಂಡುಕೊಂಡದ್ದನ್ನು ನೆನೆದರೆ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ತಕ್ಕಡಿಯೊಂದನ್ನೇ ನಂಬಿ ಅಷ್ಟು ದೂರ ಸಾಗಿದ ಮನಸ್ಸು ಅದು! ಮೆಗ್ನೀಸಿಯಂ ಗಾಳಿಯ ಸಾರಜನಕವನ್ನೂ ಬಿಡುವುದಿಲ್ಲ. ಬೂದಿಯ ಮೇಲೆ ನೀರು ಹನಿಸಿದರೆ ಅದರಲ್ಲಿನ ನೈಟ್ರೈಡ್, ಎಂದರೆ ಲೋಹವೂ ಸಾರಜನಕವೂ ಕೂಡಿ ಆದ ವಸ್ತು, ಅಮೋನಿಯವನ್ನು ಹೊರಬಿಡುತ್ತದೆ. ಇಂಗಾಲದ ಡೈಆಕ್ಸೈಡಿನಲ್ಲಿಯೂ ಮೆಗ್ನೀಸಿಯಂ ಉರಿಯುತ್ತಲೇ ಇದ್ದು ಕಪ್ಪು ಇಂಗಾಲದ ಕಣಗಳನ್ನು ಉಳಿಸುತ್ತದೆ. ಉರಿಯುವಾಗ ಅದು ನೀರಿನೊಡನೆಯೂ ವರ್ತಿಸುತ್ತದೆ. ಆದ್ದರಿಂದಲೇ ಆ ಬೆಂಕಿಗೆ ನೀರಾಗಲಿ ಆ ಅನಿಲವಾಗಲಿ ಸಲ್ಲದು, ಚೆನ್ನಾಗಿ ಒಣಗಿದ ಮರಳನ್ನು ಸುರಿಯಬೇಕು ಎಂದು ಮಗಳಿಗೆ ಎರಡು ಸಲ ಹೇಳಿದೆ.